ಮರ್ಯಾದೆ ಉಳಿದದ್ದು ಯಾರದು? ಬೀಡಿಯ ಹಿರಿಯರಿಗೆ ಬಹಿರಂಗ ಪತ್ರ

ಬೀಡಿಯ ಹಿರಿಯರೇ, ಖಾನಾಪುರ ತಾಲೂಕಿನ ಎಲ್ಲ ಕಾಕಾ, ಮಾಮಾ, ದೊಡ್ಡವ್ವಂದಿರೇ,

ಮದುವೆ ಮನೆಯಲ್ಲಿ ಅಕ್ಷತೆ ಬಿದ್ದ ಮೇಲೆ ಮದುಮಗಳನ್ನು ಒಬ್ಬೊಬ್ಬ ಹಿರಿಯರ ಮುಂದೆ ಕರೆದೊಯ್ದು ಕಾಲಿಗೆ ಬೀಳಿಸುತ್ತೇವೆ. ಆ ಸಾಲಿನಲ್ಲಿ ಒಮ್ಮೊಮ್ಮೆ, ಅವಳು ಎಂಟು ವರ್ಷದವಳಿದ್ದಾಗ ಮಾಡಬಾರದ್ದನ್ನು ಮಾಡಿದವನೂ ಕೂತಿರುತ್ತಾನೆ. ಅವಳ ಅವ್ವನಿಗೆ ಅದು ಗೊತ್ತು. ಅವಳು ಬಗ್ಗುತ್ತಾಳೆ, ಅವನು ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಆ ಕೈ ತಾಗಿದೊಡನೆ ಅವಳ ಕತ್ತು ಬಿಗಿಯುವುದು ಅವ್ವನಿಗೊಬ್ಬಳಿಗೆ ಕಾಣುತ್ತದೆ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ‘ಮನಿ ಮಾತು ಮನ್ಯಾಗ ಇರ್ಲಿ, ನಾಳೆ ಹುಡುಗಿ ಲಗ್ನ ಆಗಬೇಕು’ ಎಂದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಅವಳ ಒಳಿತೇ. ಆದರೆ ಆದದ್ದೇನು? ಅವಳನ್ನು ಹಾಸ್ಟೆಲಿಗೆ ಕಳಿಸಿದಿರಿ, ಅವನು ಪಡಸಾಲೆಯಲ್ಲೇ ಉಳಿದ. ಅವಳ ಬಾಯಿ ಮುಚ್ಚಿಸಿದಿರಿ, ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಉಳಿದದ್ದು ಅವನ ಮರ್ಯಾದೆ. ಗಂಡು ಹುಡುಗನಾದರೆ ‘ಗಂಡ್ಸಿಗೇನಾಗ್ತೈತಿ’ ಎಂಬಲ್ಲಿಗೆ ಮಾತೇ ಮುಗಿಯಿತು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಎಂದಿದ್ದರು. ಅವರಲ್ಲಿ ಹುಡುಗರೂ ಹುಡುಗಿಯರಷ್ಟೇ ಇದ್ದರು. ಬಹುಪಾಲು ಮಕ್ಕಳು ಅದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಡದಿದ್ದರೂ ಮೈ ಬಿಡುವುದಿಲ್ಲ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಬುದ್ಧಿ ಬಂದ ಮೇಲೂ ಹಾಸಿಗೆ ಒದ್ದೆ, ರಾತ್ರಿ ದೀಪ ಆರಿಸಿದರೆ ಚೀರುವುದು. ಮದುವೆಯಾದ ಮೇಲೆ ಗಂಡ ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚಿ ದೂರ ಸರಿಯುವುದು. ಆಗ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತೇವೆ. ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ತಮ್ಮ ಸಂಗಡಿಗರೊಂದಿಗೆ 1998ರಲ್ಲಿ ತೋರಿಸಿಕೊಟ್ಟಂತೆ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ದೌರ್ಜನ್ಯ, ಆಘಾತ ಉಂಡವರಿಗೆ ಕುಡಿತ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಅಂಥದ್ದೇನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಹೆಚ್ಚು. ಹೃದ್ರೋಗವೂ ಅವರಲ್ಲಿ ಹೆಚ್ಚು. ‘ಮರೆತುಬಿಡು’ ಎಂಬ ನಿಮ್ಮ ಔಷಧಿ ಇದಕ್ಕೆ ನಾಟುವುದಿಲ್ಲ.

ನಾಟುವುದು ಮೊದಲ ಮಾತು. ಮಗು ಹೇಳಿದ ದಿನವೇ ದೊಡ್ಡವರೊಬ್ಬರು ‘ನೀ ಹೇಳೂದು ಖರೇ ಐತಿ, ನಿಂದೇನೂ ತಪ್ಪಿಲ್ಲ’ ಎಂದು, ತಪ್ಪು ಮಾಡಿದವನನ್ನು ದೂರ ಇಟ್ಟರೆ ಮಗು ಚೇತರಿಸಿಕೊಳ್ಳುವ ದಾರಿ ಅಲ್ಲಿಂದ ತೆರೆಯುತ್ತದೆ.

ಕೋರ್ಟು ಎಂದರೆ ನಿಮಗೆ ಹೆದರಿಕೆ. ಬೀಡಿಯಿಂದ ಖಾನಾಪುರ, ಅಲ್ಲಿಂದ ಬೆಳಗಾವಿ, ಹತ್ತು ಜನರ ಕಣ್ಣು. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಈ ಹೆದರಿಕೆಯನ್ನು ಮೊದಲೇ ಊಹಿಸಿದೆ. ಪೊಲೀಸರು, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಮನೆಗೇ ಬಂದು ಮಗುವಿನ ಹೇಳಿಕೆ ಪಡೆಯಬೇಕು. ವಿಚಾರಣೆ ಮುಚ್ಚಿದ ಕೋಣೆಯಲ್ಲಿ. ಆರೋಪಿಯ ಮುಖ ಮಗುವಿಗೆ ಕಾಣಬಾರದು, ವಕೀಲರ ಪ್ರಶ್ನೆಯನ್ನು ನ್ಯಾಯಾಧೀಶರೇ ಕೇಳಬೇಕು. ನಮ್ಮ ತಾಲೂಕಿನಲ್ಲಿ ಮನೆಯೊಳಗೆ ಮರಾಠಿ ಆಡುವ ಮಕ್ಕಳು ಎಷ್ಟೋ. ಅವರಿಗೆ ದುಭಾಷಿ ಕೊಡಿಸಲೂ ಅದರಲ್ಲೇ ಅವಕಾಶವಿದೆ. ಮಗುವಿನ ಸುತ್ತಲಿನ ದೊಡ್ಡವರು ಗೊತ್ತಿದ್ದೂ ದೂರು ಕೊಡದಿರುವುದು ಅದೇ ಕಾಯ್ದೆಯಡಿ ಅಪರಾಧ. ರಾಜಿ ಮಾಡಿಸಿ ಎದ್ದುಬಂದ ಹಿರಿಯರಿಗೂ ಇದು ಅನ್ವಯಿಸುತ್ತದೆ.

ಇಷ್ಟು ವರ್ಷ ನುಂಗಿಕೊಂಡು ಬದುಕಿದ ಅಕ್ಕ-ಅಣ್ಣಂದಿರೇ, ನಿಮಗೂ ಒಂದು ಮಾತು. ಬಾಲ್ಯದಲ್ಲಾದದ್ದನ್ನು ದೊಡ್ಡವರಾದ ಮೇಲೂ ದೂರು ಕೊಡಬಹುದೆಂದು ಕೇಂದ್ರ ಸರ್ಕಾರ 2018ರಲ್ಲೇ ಸ್ಪಷ್ಟಪಡಿಸಿದೆ. ದೂರು ಕೊಡಲು ಮನಸ್ಸಿಲ್ಲದಿದ್ದರೆ ಅದೂ ನಿಮ್ಮ ಹಕ್ಕು. ಅವನನ್ನು ಕ್ಷಮಿಸಲೇಬೇಕೆಂಬ ಹಂಗೂ ನಿಮಗಿಲ್ಲ. ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾರೆ.

ಹಿರಿಯರೇ, ಇನ್ನೊಮ್ಮೆ ಇಂಥ ರಾಜಿಗೆ ಯಾರಾದರೂ ಕರೆದರೆ ಹೋಗಬೇಡಿ. ಮಗುವನ್ನು ನಂಬಿ, ತಪ್ಪು ಮಾಡಿದವನನ್ನು ಮನೆಯಿಂದ ಹೊರಗಿಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇತಿ,
ನಿಮ್ಮ ತಾಲೂಕಿನ ಮಗಳು