ಹಾರ್ಬಿನ್‌ಗೆ ಬಂದ ಪುಟ್ಟ ಆಲೂಗಡ್ಡೆ

ಈಶಾನ್ಯ ಚೀನಾದ ಹಾರ್ಬಿನ್ ವಿಮಾನ ನಿಲ್ದಾಣದ ಶೌಚಾಲಯಕ್ಕೆ ತೆಳ್ಳಗೆ ಒಳಹೊಕ್ಕು, ಸ್ವಲ್ಪ ಹೊತ್ತಿಗೆ ದುಂಡಗೆ ಹೊರಬರುವವರನ್ನು ಕಂಡರೆ ಗಾಬರಿ ಬೇಡ. ಅವರು ದಕ್ಷಿಣದ ಗ್ವಾಂಗ್‌ಝೌ ಕಡೆಯ ಪ್ರವಾಸಿಗರು. ಬನಿಯನ್ನಿನ ಮೇಲೆ ಉಣ್ಣೆಯಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಮೊಣಕಾಲು ಮುಟ್ಟುವ ಬಿಳಿ ಜಾಕೆಟ್ಟು, ತಲೆಗೆ ಮೊಲದ ಕಿವಿಯಿರುವ ಟೊಪ್ಪಿಗೆ. ಊರಿನ ಎತ್ತರದ ಜನ ಕಪ್ಪು ಕೋಟು ತೊಟ್ಟು ನಡೆಯುವ ಬೀದಿಯಲ್ಲಿ ಇವರು ಉರುಳುತ್ತಾರೆ. 2023ರ ಚಳಿಗಾಲದಲ್ಲಿ ಇವರಿಗೆ ‘ದಕ್ಷಿಣದ ಪುಟ್ಟ ಆಲೂಗಡ್ಡೆ’ ಎಂದು ಮುದ್ದಿನ ಹೆಸರೇ ಬಿತ್ತು. 2024ರ ಹೊಸ ವರ್ಷದ ಮೂರು ದಿನದ ರಜೆಯಲ್ಲಿ ಊರಿಗೆ ಬಂದವರು 30 ಲಕ್ಷಕ್ಕೂ ಮೇಲು.

ನಮ್ಮ ಆಲೂಗಡ್ಡೆ ಬಂದಿರುವುದು ಚಳಿಯನ್ನು ನೋಡಲು. ಅನುಭವಿಸುವುದು ಅವನ ಕಾರ್ಯಕ್ರಮದಲ್ಲಿಲ್ಲ. ಸೊಂಟಕ್ಕೆ, ಬೆನ್ನಿಗೆ, ಪಾದಕ್ಕೆ ಬಿಸಿಪಟ್ಟಿ ಅಂಟಿಸಿಕೊಂಡಿದ್ದಾನೆ. ಮೈನಸ್ 20 ಡಿಗ್ರಿಯಲ್ಲಿ ಫೋನು ಕಣ್ಣು ಮುಚ್ಚಿದಾಗ ಮಾತ್ರ ತನ್ನ ಬೆನ್ನಿನ ಪಟ್ಟಿಯನ್ನೇ ಕಿತ್ತು ಅದರ ಬೆನ್ನಿಗೆ ಅಂಟಿಸುತ್ತಾನೆ. ತಾನು ನಡುಗಿದರೂ ಚಿಂತೆಯಿಲ್ಲ, ಫೋಟೊ ಇಲ್ಲದೆ ಊರಿಗೆ ಯಾವ ಮುಖ ಹೊತ್ತು ಹೋಗುವುದು!

‘ಹಿಮ ಮತ್ತು ಮಂಜುಗಡ್ಡೆ ಲೋಕ’ವೆಂಬ ಉದ್ಯಾನದಲ್ಲಿ ಇವನ ಪರೀಕ್ಷೆ. ಡಿಸೆಂಬರಿನಲ್ಲಿ ಸೋಂಗ್‌ಹುವಾ ನದಿ ಹೆಪ್ಪುಗಟ್ಟಿದ ಮೇಲೆ ಜನ ಅದರ ಮೇಲೆ ನಿಂತು ಗರಗಸದಿಂದ ದಿಮ್ಮಿಗಳನ್ನು ಕೊಯ್ಯುತ್ತಾರೆ. ಆ ದಿಮ್ಮಿಗಳೇ ಕೋಟೆ, ಗೋಪುರಗಳಾಗಿ, ಒಳಗಿನ ದೀಪಗಳಿಂದ ನೀಲಿ, ಗುಲಾಬಿಯಾಗಿ ಹೊಳೆಯುತ್ತವೆ. ವಸಂತ ಬಂದರೆ ಎಲ್ಲ ಕರಗಿ ನೀರು. ಆಲೂಗಡ್ಡೆಗೆ ಇದನ್ನೆಲ್ಲ ನೋಡಲು ಪುರುಸೊತ್ತೆಲ್ಲಿ? ಅವನು ಹಿಮದ ಜಾರುಬಂಡೆಯ ಸಾಲಿನಲ್ಲಿದ್ದಾನೆ. ಕಾಯುವುದು ಗಂಟೆಗಟ್ಟಲೆ, ಜಾರುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಷ್ಟರಲ್ಲೂ ಅವನ ಕಣ್ಣು ಮುಚ್ಚಿತ್ತು.

ಮರುದಿನ ಸೆಂಟ್ರಲ್ ಸ್ಟ್ರೀಟ್. ರಷ್ಯನ್ನರು ರೈಲು ಹಾಕುವ ಕಾಲದಲ್ಲಿ ಬೆಳೆದ ಊರಿನ ಕಲ್ಲುಹಾಸಿನ ಬೀದಿಯದು. ಅಲ್ಲಿ ಐಸ್‌ಕ್ರೀಮನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಊರೇ ಫ್ರಿಜ್ಜಾಗಿರುವಾಗ ಕರೆಂಟು ಏಕೆ? ಆಲೂಗಡ್ಡೆ ಹಲ್ಲು ಕಟಕಟಿಸುತ್ತ ಒಂದು ಕಡ್ಡಿ ಮುಗಿಸಿ, ಛಲಕ್ಕೆ ಇನ್ನೊಂದು ಕೊಳ್ಳುತ್ತಾನೆ.

ಊರಿನವರು ಇವನನ್ನು ಹೊಸ ಅಳಿಯನಂತೆ ನೋಡಿಕೊಂಡರು. ಚಳಿಗೆ ಕಪ್ಪಗೆ ಕಲ್ಲಾದ ಪಿಯರ್ ಹಣ್ಣನ್ನು ತಣ್ಣೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೂತು ಕಚ್ಚಿ ರಸ ಹೀರುವುದು ಅಲ್ಲಿಯ ವಾಡಿಕೆ. ಇವನಿಗೋಸ್ಕರ ಅದನ್ನು ಹೂವಿನಂತೆ ಹೆಚ್ಚಿ ತಟ್ಟೆಯಲ್ಲಿ ಜೋಡಿಸಿದರು. ಅಲ್ಲೇ ಹುಟ್ಟಿ ನರೆತವರು ಹೋಟೆಲಿನಲ್ಲಿ ಆ ತಟ್ಟೆ ಕಂಡು ಬೆರಗಾದರು: “ನಮಗೆ ಒಂದು ದಿನವಾದರೂ ಹೀಗೆ ಕೊಟ್ಟಿದ್ದೀರಾ?”

ಇವನ ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಹಣ್ಣಿನಂಗಡಿಯ ಹೆಂಗಸನ್ನು ಕೇಳಿಯೇಬಿಟ್ಟ:

“ಅಕ್ಕಾ, ಈ ಚಳೀಲಿ ಮನೇಲಿ ಹೇಗಿರ್ತೀರಿ?”

“ತೋಳಿಲ್ಲದ ಬನಿಯನ್ ಹಾಕ್ಕೊಂಡು,” ಎಂದಳು ಆಕೆ.

ಸುಳ್ಳಲ್ಲ. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹುವಾಯ್ ನದಿಯ ಉತ್ತರಕ್ಕಿರುವ ಪಟ್ಟಣಗಳ ಮನೆಗಳಿಗೆ ಚಳಿಗಾಲವಿಡೀ ಕೊಳವೆಯಲ್ಲಿ ಬಿಸಿ ಹರಿಯುತ್ತದೆ. ದಕ್ಷಿಣದ ಬಹುತೇಕರಿಗೆ ಆ ಭಾಗ್ಯವಿಲ್ಲ. ಆಲೂಗಡ್ಡೆಯೂ ಹೋಟೆಲ್ ಕೋಣೆಯಲ್ಲಿ ಸಿಪ್ಪೆ ಸುಲಿದುಕೊಂಡು, ಬೆವರುತ್ತ, ಕಿಟಕಿಯ ಸಂದಿ ತೆರೆದು ಮಲಗಿದ್ದ.

ಊರಿಗೆ ಮರಳಿದ ವಾರ ಗ್ವಾಂಗ್‌ಝೌದಲ್ಲಿ ಹತ್ತು ಡಿಗ್ರಿ, ಜೊತೆಗೆ ಜಿಟಿಜಿಟಿ ಮಳೆ. ತಣ್ಣನೆಯ ಟೈಲ್ಸಿನ ಮೇಲೆ ತುದಿಗಾಲಲ್ಲಿ ನಡೆಯುತ್ತ ಗೊಣಗಿದ: “ಅಮ್ಮಾ, ಇಲ್ಲಿಗಿಂತ ಹಾರ್ಬಿನ್ನೇ ಬೆಚ್ಚಗಿತ್ತು.”

ಅಮ್ಮ ಫೋನಿನಿಂದ ತಲೆಯೆತ್ತಲಿಲ್ಲ. “ಹಾಗಾದರೆ ಈ ಫೋಟೊದಲ್ಲಿ ರೆಪ್ಪೆಗೆಲ್ಲ ಮಂಜು ಹಿಡಿಸಿಕೊಂಡು ಅಳೋ ಮೋರೆ ಮಾಡಿರೋನು ಯಾರಪ್ಪಾ?”