ಟ್ರಾಫಿಕ್ ಇಲ್ಲದ ಒಂದೇ ದಾರಿ

ಮಾನ್ಯ ಪಿಎಂ 2.5 ಅವರಿಗೆ,

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿರುವ ಸ್ಕೂಟರ್ ಸವಾರನ ನಮಸ್ಕಾರಗಳು.

ಮೊದಲಿಗೆ ಅಭಿನಂದನೆ. ಬೆಂಗಳೂರಿನಲ್ಲಿ ಹೊರಟ ಮೇಲೆ ಹೊತ್ತಿಗೆ ಸರಿಯಾಗಿ ತಲುಪುವವರು ನೀವೊಬ್ಬರೇ. ನಾನಿನ್ನೂ ಫ್ಲೈಓವರ್ ಕೆಳಗೇ ಇದ್ದೇನೆ. ನೀವಾಗಲೇ ಮುಂದಿನ ಟಿಪ್ಪರ್‌ನ ಸೈಲೆನ್ಸರ್ ಬಿಟ್ಟು ನನ್ನ ಶ್ವಾಸಕೋಶದ ಗಾಳಿಗೂಡು ಸೇರಿದ್ದೀರಿ. ತಲೆಗೂದಲಿನ ಮೂವತ್ತರಲ್ಲಿ ಒಂದು ಪಾಲು ದಪ್ಪವೂ ಇಲ್ಲದ ನಿಮ್ಮಂಥ ದೂಳಿನ ಕಣಕ್ಕೆ ಮೂಗು ಯಾವ ಚೆಕ್‌ಪೋಸ್ಟ್! ನಿಮ್ಮ ದಢೂತಿ ಅಣ್ಣ ಪಿಎಂ 10 ಪಾಪ, ಎಷ್ಟೋ ಸಲ ಮೂಗಿನಲ್ಲೇ ಸಿಕ್ಕಿಬೀಳುತ್ತಾನೆ. ರಾತ್ರಿ ಮುಖ ಒರೆಸಿದಾಗ ಬಿಳಿ ಟವೆಲ್ ಮೇಲೆ ಮೀಸೆ ಬರೆದಂತೆ ಎರಡು ಕಪ್ಪು ಗೆರೆ ಮೂಡುತ್ತವಲ್ಲ, ಅವು ಹೆಚ್ಚಾಗಿ ಅವನ ಸಹಿ.

ತಕರಾರು ಇಷ್ಟೇ. ಬಂದ ನೆಂಟರು ಜಗಲಿಯಲ್ಲಿ ಕೂರಬೇಕು. ನೀವು ನೇರ ಅಡುಗೆಮನೆಗೇ ನುಗ್ಗುತ್ತೀರಿ. ಮೈಟೊಕಾಂಡ್ರಿಯ ಎಂದರೆ ಜೀವಕೋಶದ ಅಡುಗೆಮನೆ. ತಿಂದ ಮುದ್ದೆಯನ್ನು ಆಮ್ಲಜನಕದ ಒಲೆಯಲ್ಲಿ ಎಟಿಪಿ ಎಂಬ ಶಕ್ತಿಯಾಗಿ ಬೇಯಿಸುವುದು ಅಲ್ಲೇ. ನಿಮ್ಮ ಮೈಗಂಟಿದ ಕಬ್ಬಿಣ, ತಾಮ್ರ, ಡೀಸೆಲ್ ಮಸಿಯ ಜಿಡ್ಡು ಸೇರಿ ಆ ಒಲೆಯಿಂದ ಕಿಡಿ ಹಾರಿಸುತ್ತವೆ. ವಿಜ್ಞಾನಿಗಳು ಆ ಕಿಡಿಗೆ ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ. ನಮ್ಮಜ್ಜಿ ಇದ್ದಿದ್ದರೆ ಸುಡುಗಾಡು ಎನ್ನುತ್ತಿದ್ದಳು. ಅಡುಗೆಮನೆಯ ಗೋಡೆಯಾದ ಪೊರೆಯ ವೋಲ್ಟೇಜ್ ಇಳಿಯುತ್ತದೆ, ಎಟಿಪಿ ಸೊರಗುತ್ತದೆ. ಅಮ್ಮನ ಕಡೆಯಿಂದಲೇ ಬರುವ 37 ಜೀನುಗಳ ಅಡುಗೆ ಚೀಟಿಯೊಂದು ಆ ಗೋಡೆಗೇ ಅಂಟಿಕೊಂಡಿರುತ್ತದೆ. ಒಲೆಯ ಪಕ್ಕದ್ದಾದ್ದರಿಂದ ಅದೂ ಕರಕಲು. ಕೊನೆಗೆ ಗೋಡೆ ಬಿರಿದು ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಗೆ ಸೋರಿತೆಂದರೆ, ಜೀವಕೋಶ ತಾನೇ ಬಾಗಿಲು ಮುಚ್ಚಿ ಸಾಯುತ್ತದೆ.

ಇದೇನು ಚಾಡಿ ಅಲ್ಲ. 2003ರಲ್ಲೇ ಲಾಸ್ ಏಂಜಲೀಸ್ ಸುತ್ತಲಿನ ಗಾಳಿಯ ಕಣ ಹಿಡಿದು ಜೀವಕೋಶಗಳಿಗೆ ಉಣಿಸಿ ನೋಡಿದವರಿಗೆ, 0.1 ಮೈಕ್ರೋಮೀಟರ್‌ಗಿಂತ ಸಣ್ಣ ನಿಮ್ಮ ಮರಿಗಳು ಮೈಟೊಕಾಂಡ್ರಿಯದ ಒಳಗೇ ಬಿಡಾರ ಹೂಡಿದ್ದು ಕಂಡಿತ್ತು.

ಹಾಗಂತ ಹೆದರಬೇಡಿ, ಕಾನೂನು ನಿಮ್ಮ ಕಡೆಗಿದೆ. ವರ್ಷದ ಸರಾಸರಿಯಲ್ಲಿ ನೀವು ಘನಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ 2009ರ ಮಾನದಂಡದಲ್ಲಿ ಅದು 40. ನಮ್ಮ ಮೈಟೊಕಾಂಡ್ರಿಯ ಎಂಟು ಪಟ್ಟು ಗಟ್ಟಿ ಎಂದು ದಿಲ್ಲಿಗೆ ಹೇಗೆ ಗೊತ್ತಾಯಿತೋ ಕಾಣೆ, ಮುದ್ದೆಯ ಪ್ರತಾಪವಿರಬೇಕು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳು ಸೇರಿವೆ. ಈ ನಗರಗಳಿಗೆ ಅಂಕ ಕೊಡುವುದು ಮಾತ್ರ ಹೆಚ್ಚಾಗಿ ನಿಮ್ಮಣ್ಣ ಎಷ್ಟು ಇಳಿದ ಎಂದು ನೋಡಿ. ರಸ್ತೆಗೆ ನೀರು ಚಿಮುಕಿಸಿದರೆ ಅವನು ಸ್ವಲ್ಪ ಹೊತ್ತು ಕೂರುತ್ತಾನೆ. ಟಿಪ್ಪರ್ ಹೊಗೆಯಲ್ಲಿ ಬರುವ ನಿಮಗೆ ಅದರ ಹನಿಯೂ ತಾಕುವುದಿಲ್ಲ.

ಸಿಗ್ನಲ್ ಬಿಡುತ್ತಿದೆ, ಮುಗಿಸುತ್ತೇನೆ. ಒಂದು ಮಾತು ಮುಚ್ಚಿಡಲಾರೆ: ನನ್ನ ಸ್ಕೂಟರಿನ ಎಮಿಷನ್ ಟೆಸ್ಟ್ ಚೀಟಿ ಯುಗಾದಿಗೇ ಮುಗಿದಿದೆ. ಹಿಂದಿನ ಆಟೋದವರು ಮೂಗಿಗೆ ಕರ್ಚೀಫ್ ಹಿಡಿದು ನನ್ನನ್ನೇ ದುರುಗುಟ್ಟುತ್ತಿದ್ದಾರೆ. ಅವರ ಕಡೆ ಹೊರಟಿರುವ ನಿಮ್ಮವರಿಗೆ, ದಯವಿಟ್ಟು ನನ್ನ ಗಾಡಿ ನಂಬರ್ ಹೇಳಬೇಡಿ ಅನ್ನಿ.

ಇತಿ ನಿಮ್ಮ ಬಾಡಿಗೆಯಿಲ್ಲದ ಮನೆಯ ಮಾಲೀಕ