ಹಿಂದುಳಿಕೆಯ ತರ-ತಮ

ಅಥ ಹಿಂದುಳಿಕೆ ಜಿಜ್ಞಾಸಾ. ಈ ಶಾಸ್ತ್ರದ ಆದ್ಯ ಆಚಾರ್ಯರು ಡಾ. ಡಿ.ಎಂ. ನಂಜುಂಡಪ್ಪ. ಅವರ ಸಮಿತಿ 35 ಸೂಚಕಗಳ ಜರಡಿ ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನು ಸೋಸಿ, 2002ರಲ್ಲಿ 114 ಹಿಂದುಳಿದಿವೆ ಎಂದಿತು. ಅದರೊಳಗೂ ತರ-ತಮ: ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ನಮ್ಮ ಕಡೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ‘ಅತ್ಯಂತ’ದಲ್ಲಿ ತೇರ್ಗಡೆ. ‘ಅತಿ’ಗೂ ‘ಅತ್ಯಂತ’ಕ್ಕೂ ಏನು ಭೇದ ಎಂದು ವೈಯಾಕರಣಿಯನ್ನು ಕೇಳಬೇಡಿ, ಹಣಕಾಸು ಇಲಾಖೆಯನ್ನು ಕೇಳಿ.

ಉಪಸೂತ್ರ: ಹಿಂದುಳಿದರೆ ಸಾಲದು, ಸರಿಯಾದ ದಂಡೆಯಲ್ಲಿ ಹಿಂದುಳಿಯಬೇಕು. ಭೀಮೆಯ ಆಚೆಯ ಅಫಜಲಪುರಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸವಲತ್ತು ಉಂಟು, ಈಚೆಯ ಇಂಡಿಗಿಲ್ಲ. ಅವರು ನಿಜಾಮನ ಕೈಕೆಳಗೆ ಹಿಂದುಳಿದವರು, ನಾವು ಮುಂಬಯಿ ಪ್ರಾಂತ್ಯದಲ್ಲಿ. ನಮ್ಮ ಅಜ್ಜಂದಿರಿಗೆ ಈಜು ಬರಬೇಕಿತ್ತು.

ಆಚಾರ್ಯರ ಜರಡಿ ತಾಲ್ಲೂಕಿಗೆ ನಿಂತಿತು. ನಾನು ಊರೊಳಗೆ ಇಳಿಯುತ್ತೇನೆ. ಆ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರು ಎಂದು ಕೇಳಬೇಡಿ.

ಪ್ಯಾಟಿ: ವಿವರಣೆ ಬೇಡ, ಬೋರ್ಡುಗಳೇ ಹೇಳುತ್ತವೆ. ಓಣಿ ಮತ್ತು ಕೇರಿ: ನಿಘಂಟಿನಲ್ಲಿ ಹೆಚ್ಚು ಕಡಿಮೆ ಒಂದೇ. ನಮ್ಮ ಕಡೆ ಮಾತ್ರ ಗೌಡರದು ಓಣಿ, ಗಾಣಿಗರದು ಓಣಿ, ದಲಿತರದೇ ಕೇರಿ. ಈ ಭೇದ ಪರ ಊರಿನಿಂದ ಬಂದ ಪೋಸ್ಟ್‌ಮನ್‌ಗೆ ಮೂರೇ ದಿನದಲ್ಲಿ ತಿಳಿಯುತ್ತದೆ. ಕಾಲನಿ: ಎನ್.ಎ. ಆದ ಹೊಲ; ಮೇಷ್ಟ್ರು, ಗುತ್ತಿಗೆದಾರರು ಇರುವುದು. ಮನೆ ಬಾಡಿಗೆಗೆ ಉಂಟು, ಆದರೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಅಡ್ವಾನ್ಸಿಗಿಂತ ಮೊದಲು ಬರುತ್ತದೆ.

ನಗರ: ಇದು ಸರಕಾರದ ಸೃಷ್ಟಿ, ಆದ್ದರಿಂದ ಇದಕ್ಕೆ ವಿಶೇಷ ಭಾಷ್ಯ ಬೇಕು. ಬಡವರಿಗೆ ಆಶ್ರಯ ಮನೆ ಕೊಡಬೇಕು. ಮನೆಗೆ ಜಾಗ ಬೇಕು. ಸರಕಾರಿ ಜಾಗ ಎಂದರೆ ಗಾಯರಾಣ. ಗಾಯರಾಣ ಇರುವುದು ಊರ ಹೊರಗೆ. ಹೀಗೆ ಹಿಂದೆ ಮನು ಮಾಡಿದ್ದನ್ನು ಈಗ ಸರ್ವೆ ನಂಬರು ಮಾಡುತ್ತದೆ, ದ್ವೇಷವಿಲ್ಲದೆ. ಪ್ರಾಯಶ್ಚಿತ್ತಕ್ಕೆ ಮಹಾಪುರುಷರ ಹೆಸರಿಡುತ್ತಾರೆ. ಹೆಸರು ದೊಡ್ಡದಾದಷ್ಟೂ ಬಸ್‌ಸ್ಟ್ಯಾಂಡ್ ದೂರ. ಪುರಸಭೆಯ ಅನುದಾನದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25 ಎಂದು ಮೀಸಲುಂಟು. ದಶಾಂಶ ತಪ್ಪುವುದಿಲ್ಲ, ಗಟಾರ ತಪ್ಪುತ್ತದೆ.

ಇನ್ನು ಪ್ರಮಾಣ. ಆಚಾರ್ಯರ 35ಕ್ಕೆ ನಾನು 36ನೆಯದನ್ನು ಸೇರಿಸುತ್ತೇನೆ: ನಳದ ತಗ್ಗು. ಪೈಪಿನಲ್ಲಿ ನೀರು ಮೇಲೇರದಿದ್ದರೆ ಮನೆ ಮುಂದೆ ತಗ್ಗು ತೋಡಿ, ನಳ ಕೆಳಗಿಳಿಸಿ, ಕೊಡ ಇಡುವುದು ನಮ್ಮ ಪದ್ಧತಿ. ಕಾಲನಿಯಲ್ಲಿ ತಗ್ಗಿಲ್ಲ, ಮೋಟರ್ ಇದೆ. ಓಣಿಯಲ್ಲಿ ಒಂದು ಗೇಣು. ಕೇರಿಯಲ್ಲಿ ಮೊಣಕಾಲುದ್ದ. ‘ನಗರ’ದಲ್ಲಿ ಟೇಪು ಹಿಡಿದು ಬಗ್ಗಿದೆ, ಸೊಂಟಕ್ಕೆ ಮುಟ್ಟುತ್ತಿತ್ತು. ಒಳಗೆ ಇಳಿದು ನಿಂತಿದ್ದ ಆಯಿ ತಲೆ ಎತ್ತಿ, ‘ಮೊದ್ಲ ಕೊಡ ತುಂಬಲಿ ತಡಿಯೋ ತಮ್ಮಾ, ನಳ ಹೋಗತೈತಿ. ಆಮ್ಯಾಲ ಅಳಿಯಂತಿ’ ಎಂದಳು.